ಸಹಾಯ ಬೇಕು: ಮೊದಲು ಪುಸ್ತಕದ ಕನ್ನಡವೋ, ಮನೆಮಾತೋ?

ಹೊರದೇಶದಿಂದ ಬಂದ ನನ್ನ ಹೆಂಡತಿ ಅತ್ತೆ-ಮಾವನ ಜೊತೆ ಮಾತಾಡೋಕೆ ಅಂತ ಕನ್ನಡ ಕಲೀತಿದ್ದಾಳೆ. ಪುಸ್ತಕದಲ್ಲಿರೋದು 'ಬರುತ್ತದೆ', 'ಮನೆಯಲ್ಲಿ'. ಕಿವಿಗೆ ಬೀಳೋದು 'ಬರುತ್ತೆ', 'ಮನೇಲಿ'. ಆಡುವಾಗ ಸ್ವರಗಳು ಬಿದ್ದು ಪದಗಳು ಕೂಡಿಕೊಳ್ಳುತ್ತವಲ್ಲ, ಅಲ್ಲೇ ತೊಡಕು. 'ಏನು ಮಾಡುತ್ತಿದ್ದೀಯಾ' ಓದಿದ್ರೆ ಅರ್ಥ ಆಗುತ್ತೆ, 'ಏನ್ಮಾಡ್ತಿದೀಯ' ಕೇಳಿದ್ರೆ ಒಂದೇ ಹೊಸ ಪದ ಅಂದ್ಕೊಳ್ತಾಳೆ.

ದಿನಾ 2 ನಿಮಿಷದ ಮನೆಮಾತು ರೆಕಾರ್ಡ್ ಮಾಡಿ, ವೇಗ ತಗ್ಗಿಸಿ ಕೇಳಿಸಿ, ಕೇಳಿದ್ದನ್ನ ಬರೆಸಿದೆ. ಕೇಳಿ ಅರ್ಥ ಮಾಡ್ಕೊಳ್ಳೋದು ನಿಜಕ್ಕೂ ಸುಧಾರಿಸಿದೆ. ಮಾತಾಡುವಾಗ ಮಾತ್ರ 'ಬರುತ್ತೇನೆ', 'ಬರ್ತೀನಿ' ಎರಡೂ ಬೆರೆತು 'ಬರ್ತೀನೆ' ಆಗ್ತಿದೆ. 'ನನಗೆ ಗೊತ್ತು', 'ನನಗೆ ಬೇಕು' ರೂಢಿಯಾದ ಮೇಲೆ 'ನನಗೆ ಹೋಗ್ತೀನಿ' ಅನ್ನೋದೂ ಶುರುವಾಗಿದೆ.

ಹೀಗೆ ಕಲಿಸಿದವರು ಹೇಳಿ: ಪುಸ್ತಕದ ರೂಪಗಳನ್ನ ಸದ್ಯಕ್ಕೆ ಪೂರ್ತಿ ನಿಲ್ಲಿಸಿ ಆಡುಮಾತನ್ನಷ್ಟೇ ಗಟ್ಟಿ ಮಾಡಿಸಲಾ, ಇಲ್ಲಾ ಎರಡನ್ನೂ ಜೋಡಿಜೋಡಿಯಾಗಿ ಕಲಿಸಲಾ?