ಯುಗಾದಿಯ ಮೇವಿಗೆ ಸಂಕ್ರಾಂತಿಯಲ್ಲೇ ಲೆಕ್ಕ

ಸಂಕ್ರಾಂತಿ ಹೊತ್ತಿಗೆ ರೈತರ ಗುಂಪೊಂದರಲ್ಲಿ ಬಂದ ಪ್ರಶ್ನೆಗಳು, ಅವಕ್ಕೆ ಸಿಕ್ಕ ಉತ್ತರಗಳು.

ಪ್ರಶ್ನೆ (ಹಿರಿಯೂರು ಕಡೆಯ ರೈತ): ಡಾಕ್ಟ್ರೇ, ನಮಸ್ಕಾರ. ಎರಡು ಮಿಶ್ರತಳಿ ಹಸು ಇದಾವೆ, ಒಂದು ಏಳು ತಿಂಗಳ ಗಬ್ಬ. ಒಂದು ಜೊತೆ ಎತ್ತು, ಒಂದು ವರ್ಷದ ಹೆಣ್ಣು ಕರು. ಬೋರಿನಲ್ಲಿ ನೀರು ಇಳಿದಿದೆ, ಹಸಿಮೇವು ಇನ್ನು ಹದಿನೈದು ದಿನ ಬಂದರೆ ಹೆಚ್ಚು. ರಾಗಿಹುಲ್ಲಿನ ಮೆದೆ ಒಂದಿದೆ, ಸುಮಾರು 400 ಕಟ್ಟು. ಮಳೆಗಾಲದವರೆಗೆ ಸಾಲುತ್ತಾ? 2023ರಲ್ಲಿ ಮಳೆ ಕೈಕೊಟ್ಟಾಗ ಮುಂದಿನ ಬೇಸಿಗೆಯಲ್ಲಿ ಒಂದು ಹಸುವನ್ನ ಸಿಕ್ಕ ಬೆಲೆಗೆ ಕೊಟ್ಟುಬಿಟ್ಟೆವು. ಮತ್ತೆ ಹಂಗಾಗಬಾರದು.

ಉತ್ತರ (ಪಶುವೈದ್ಯ): ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿದ್ದವು. ಎಲ್ಲರೂ ಒಟ್ಟಿಗೇ ಸಂತೆಗೆ ದನ ಹೊಡೆದುಕೊಂಡು ಬಂದರೆ ಬೆಲೆ ಎಲ್ಲಿಂದ ಬರಬೇಕು? ನೀವು ಈಗಲೇ, ಸಂಕ್ರಾಂತಿಯಲ್ಲೇ ಕೇಳಿದ್ದು ಒಳ್ಳೆಯದಾಯಿತು.

ಮೊದಲು ಮೆದೆಯಿಂದ ಹತ್ತು ಕಟ್ಟು ತೆಗೆದು ತೂಗಿ. ಕಟ್ಟು ಎಷ್ಟಿದೆ ಅಂತ ಎಲ್ಲರೂ ಹೇಳುತ್ತಾರೆ, ಎಷ್ಟು ಕೆ.ಜಿ. ಅಂತ ಹೇಳುವವರು ಕಡಿಮೆ. ಕಟ್ಟಿಗೆ 9 ಕೆ.ಜಿ. ಬಂತು ಅಂತಿಟ್ಟುಕೊಳ್ಳಿ, ಒಟ್ಟು 3,600 ಕೆ.ಜಿ. ಹಸಿ ನಿಂತ ಮೇಲೆ ಹಸುವಿಗೆ ದಿನಕ್ಕೆ 8, ಎತ್ತಿಗೆ 7, ಕರುವಿಗೆ 3 ಕೆ.ಜಿ. ಒಣಮೇವು ಬೇಕು. ಒಟ್ಟು 33. ಹಸಿಮೇವಿನ ಹದಿನೈದು ದಿನ ನೆಚ್ಚದೆ ಇವತ್ತಿನಿಂದಲೇ ಎಣಿಸಿದರೆ ನಿಮ್ಮ ಮೆದೆ 109 ದಿನ, ಮೇ ಮೊದಲ ವಾರಕ್ಕೆ ಖಾಲಿ. ಮುಂಗಾರು ಬಂದ ದಿನವೇ ಬದುವಿನಲ್ಲಿ ಹುಲ್ಲು ಏಳಲ್ಲ, ಹಾಗಾಗಿ ಜೂನ್ ಕೊನೆಯವರೆಗೆ ಲೆಕ್ಕ ಹಿಡಿಯಿರಿ. ಎರಡು ಟನ್ನಿನ ಹತ್ತಿರ ಕೊರತೆ ಬೀಳುತ್ತೆ.

ಆ ಎರಡು ಟನ್ ಈಗಲೇ ತನ್ನಿ. ದಾವಣಗೆರೆ, ಹರಿಹರದ ಭದ್ರಾ ನಾಲೆ ಬಯಲಿನಲ್ಲಿ ಭತ್ತ ಕೊಯ್ದು ಹುಲ್ಲಿನ ಪೆಂಡಿ ಕಟ್ಟಿರುತ್ತಾರೆ. ಮಾರ್ಚ್ ದಾಟಿದರೆ ಹುಲ್ಲಿಗಿಂತ ಲಾರಿ ಬಾಡಿಗೆಯೇ ಜಾಸ್ತಿ ಅನ್ನಿಸುತ್ತೆ. ನಾಲ್ಕು ಮನೆಯವರು ಸೇರಿ ಒಂದು ಲಾರಿ ತರಿಸಿ. ಇರುವ ರಾಗಿಹುಲ್ಲನ್ನು ಕತ್ತರಿಸಿಯೇ ಗೋದಲಿಗೆ ಹಾಕಿ. ಉದ್ದುದ್ದ ಹಾಕಿದರೆ ಕಾಲಡಿಗೆ ಹೋಗುವುದೇ ಹೆಚ್ಚು.

ಗಬ್ಬದ ಹಸುವನ್ನು ಮಾರಬೇಡಿ. ಕೊನೆಯ ಎರಡು ತಿಂಗಳು ಹಿಂಡಿ, ಬೂಸಾ ಕಡಿಮೆ ಮಾಡಲೂಬೇಡಿ. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ ತಪ್ಪಿಸಬೇಡಿ. ಅಲ್ಲಿ ಉಳಿಸಿದ ದುಡ್ಡು ಕರು ಹಾಕಿದ ಮೇಲೆ ಎರಡರಷ್ಟು ಖರ್ಚಾಗುತ್ತೆ.

ಅದೇ ರೈತ: ಭತ್ತದ ಹುಲ್ಲಿನಲ್ಲಿ ಸತ್ವ ಇಲ್ಲ ಅಂತಾರಲ್ಲ ಸರ್?

ಉತ್ತರ: ಹೌದು, ರಾಗಿಹುಲ್ಲಿಗೆ ಸಮ ಬರಲ್ಲ. ಅದಕ್ಕೇ ಯೂರಿಯಾ ಉಪಚಾರ. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾ, 50 ಲೀಟರ್ ನೀರು. ಯೂರಿಯಾ ಒಂದು ಹರಳೂ ಉಳಿಯದಂತೆ ಕರಗಬೇಕು. ಒಂದು ಪದರ ಹುಲ್ಲು ಹರಡಿ, ಚಿಮುಕಿಸಿ, ಚೆನ್ನಾಗಿ ತುಳಿದು, ಮೇಲೆ ಇನ್ನೊಂದು ಪದರ. ಕೊನೆಗೆ ಗಾಳಿಯಾಡದಂತೆ ಟಾರ್ಪಾಲು ಮುಚ್ಚಿ ಅಂಚಿಗೆ ಮಣ್ಣು ಏರಿಸಿ. 21 ದಿನದ ಮೇಲೆ ಒಂದು ಬದಿಯಿಂದ ಮಾತ್ರ ತೆಗೆಯಿರಿ, ಒಂದು ಗಂಟೆ ಗಾಳಿಗೆ ಹರಡಿ, ಕಣ್ಣುರಿಸುವ ಘಾಟು ಹೋದ ಮೇಲೆ ಹಾಕಿ. ಮೊದಲ ದಿನ ಒಂದೆರಡು ಕೆ.ಜಿ., ಆಮೇಲೆ ನಿಧಾನವಾಗಿ ಏರಿಸಿ. ಆರು ತಿಂಗಳೊಳಗಿನ ಕರುವಿಗೆ ಬೇಡ. ಅಳತೆ ಕಣ್ಣಂದಾಜಿನಲ್ಲಿ ಮಾಡಬೇಡಿ. ಕಲಸಿದ ಬಕೆಟ್ಟಿಗೆ ಹಸು ಬಾಯಿ ಹಾಕಿದರೆ ಜೀವಕ್ಕೇ ಅಪಾಯ.

ಪ್ರಶ್ನೆ (ಚಳ್ಳಕೆರೆ ಕಡೆಯ ಮಹಿಳೆ): ಸರ್, ಮೇವಿಗೆ ಅಂತ ಜೋಳ ಚೆಲ್ಲಿದ್ವಿ. ನೀರು ಸಾಲದೆ ಮೊಣಕಾಲೆತ್ತರಕ್ಕೇ ಬಾಡ್ತಾ ಇದೆ. ಒಣಗಿ ಹಾಳಾಗೋ ಬದಲು ಎಮ್ಮೆಗೆ ಕೊಯ್ದು ಹಾಕಲಾ?

ಉತ್ತರ: ಬೇಡಮ್ಮಾ, ದಯವಿಟ್ಟು ಹಾಕಬೇಡಿ. ಎಳೆಯ ಜೋಳದಲ್ಲಿ, ಅದರಲ್ಲೂ ನೀರಿಲ್ಲದೆ ಕುಗ್ಗಿದ ಜೋಳದಲ್ಲಿ, ಸಯನೈಡ್ ವಿಷ ಹುಟ್ಟಿಸುವ ಅಂಶ ಜಾಸ್ತಿ. ಬಾಡಿದ ಮೇಲೆ ಒಂದು ಮಳೆ ಬಿದ್ದು ಒಡೆಯುವ ಚಿಗುರು, ಕೊಯ್ದ ಮೇಲಿನ ಕೂಳೆ ಚಿಗುರು, ಇವು ಇನ್ನೂ ಕೆಟ್ಟವು. ಹಸಿದ ದನ ಗಬಗಬ ತಿಂದರೆ ಹತ್ತಿಪ್ಪತ್ತು ನಿಮಿಷದಲ್ಲಿ ಏದುಸಿರು, ಜೊಲ್ಲು, ತೂರಾಟ, ಆಮೇಲೆ ಬಿದ್ದೇಹೋಗುತ್ತೆ. ನಾನು ತಲುಪುವಷ್ಟರಲ್ಲಿ ಬದುವಿನ ಮೇಲೆ ಸತ್ತು ಬಿದ್ದಿದ್ದ ಎತ್ತುಗಳನ್ನು ನೋಡಿದ್ದೇನೆ. ಒಂದರ ಬಾಯಲ್ಲಿ ಜೋಳದ ಎಲೆ ಇನ್ನೂ ಹಸಿಯಾಗಿಯೇ ಇತ್ತು.

ಸ್ವಲ್ಪವಾದರೂ ನೀರಿದ್ದರೆ ಉಳಿಸಿ, ಹೂ ತೆನೆ ಬಂದ ಮೇಲೆ ಕೊಯ್ಯಿರಿ. ಆಗದಿದ್ದರೆ ಕೊಯ್ದು ಕತ್ತರಿಸಿ, ಗಾಳಿ ಉಳಿಯದಂತೆ ತುಳಿದು ರಸಮೇವು (ಗಾಳಿಯಾಡದಂತೆ ಮುಚ್ಚಿಟ್ಟು ಹುಳಿಸಿದ ಮೇವು, ಸೈಲೇಜ್) ಮಾಡಿ, 45 ದಿನ ಮುಟ್ಟಬೇಡಿ. ವಿಷ ಬಹಳಷ್ಟು ಇಳಿಯುತ್ತೆ. ಆದರೂ ಮೊದಮೊದಲು ಬೇರೆ ಒಣಹುಲ್ಲಿನ ಜೊತೆ ಸ್ವಲ್ಪ ಸ್ವಲ್ಪವೇ ಹಾಕಿ. ದನ ತಪ್ಪಿ ನುಗ್ಗಿ ತಿಂದರೆ ಪಶು ಆಸ್ಪತ್ರೆಗೆ ಫೋನ್ ಮಾಡುವಾಗಲೇ "ಜೋಳ ತಿಂದಿದೆ" ಅನ್ನಿ. ಇದಕ್ಕೆ ಇಂಜೆಕ್ಷನ್ ಇದೆ, ಬರುವವರು ಅದನ್ನು ಹಿಡಿದೇ ಹೊರಡುತ್ತಾರೆ.

ಪ್ರಶ್ನೆ (ಇಂಡಿ ತಾಲ್ಲೂಕಿನ ರೈತ): ನಮಸ್ಕಾರ್ರಿ. ನಮ್ದು ಎರಿ ಹೊಲ, ಎಂಟ್ ಎಕರೆ ಕಡ್ಲಿ. ತಡಾ ಮಾಡಿ ಬಿತ್ತೀವಿ, ಈಗ ಹೂ ಮುಗ್ಯಾಕ ಬಂದೈತಿ, ಭೂಮಿ ಬಿರಿಯಾಕ ಹತ್ತೈತಿ. ಕೃಷಿ ಹೊಂಡದಾಗ ಸ್ವಲ್ಪ ನೀರೈತಿ. ಏನ್ ಮಾಡೂಣ್ರಿ?

ಉತ್ತರ (ಗುಂಪಿನ ಕೃಷಿ ಅಧಿಕಾರಿ): ಡಾಕ್ಟರ್ ಪರವಾಗಿ ನಾನು ಹೇಳ್ತೀನ್ರಿ. ಬಿರುಕಿನಿಂದಲೇ ಆಳದ ತೇವ ಆರಿಹೋಗೋದು. ಸಾಲು ಇನ್ನೂ ಕೂಡಿಲ್ಲದ ಕಡೆ ಎಡೆಕುಂಟೆ ಹಗುರವಾಗಿ ಹೊಡೆದು ಬಿರುಕು ಮುಚ್ಚಿ. ಹೊಂಡದ ನೀರನ್ನು ಕಾಯಿ ಕಟ್ಟುವಾಗ ಸ್ಪ್ರಿಂಕ್ಲರಿನಲ್ಲಿ ಒಂದೇ ಸಲ, ತೆಳುವಾಗಿ ಕೊಡಿ. ಎರೆಯಲ್ಲಿ ಹರಿನೀರು ಬಿಟ್ಟರೆ ಬೇರು ಉಸಿರುಗಟ್ಟಿ ಗಿಡ ಹಳದಿಯಾಗುತ್ತೆ. ಲೀಟರ್ ನೀರಿಗೆ 20 ಗ್ರಾಂ ಡಿಎಪಿ ಗೊಬ್ಬರ ರಾತ್ರಿ ನೆನೆಹಾಕಿ, ಸೋಸಿ, ತಂಪು ಹೊತ್ತಿನಲ್ಲಿ ಎಲೆಗೆ ಸಿಂಪಡಿಸಿ. ಒಕ್ಕಣೆ ಆದ ಮೇಲೆ ಕಡಲೆ ಹೊಟ್ಟು ಬಿಡಬೇಡಿ, ಅದೂ ದನದ ಮೇವೇ. ತೇವ ಪೂರ್ತಿ ಆರುವ ಮೊದಲು ಒಂದು ಮಾಗಿ ಉಳುಮೆ ಮಾಡಿದರೆ ಬೇಸಿಗೆಯ ಅಡ್ಡಮಳೆ ಹೊಲದಲ್ಲೇ ಇಂಗುತ್ತೆ. ಇಳಿಜಾರಿಗೆ ಅಡ್ಡಲಾಗಿ ಮಾತ್ರ ಉಳುಮೆ ಮಾಡಿ.

ಪ್ರಶ್ನೆ (ಯುವಕ, ಊರು ಬರೆದಿಲ್ಲ): ಅಜೋಲ್ಲಾ ತೊಟ್ಟಿ ಮಾಡಿದ್ರೆ ಮೇವಿನ ಸಮಸ್ಯೆ ಪೂರ್ತಿ ಪರಿಹಾರ ಆಗುತ್ತಾ?

ಉತ್ತರ (ಪಶುವೈದ್ಯ): ಇಲ್ಲ ತಮ್ಮಾ. ಅಜೋಲ್ಲಾ ಅಂದರೆ ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಗಿಡ. ಹಸುವಿಗೆ ದಿನಕ್ಕೆ ಒಂದೂವರೆ ಕೆ.ಜಿ. ಕೊಟ್ಟರೆ ಹಿಂಡಿ ಸ್ವಲ್ಪ ಉಳಿಯುತ್ತೆ, ಹೊಟ್ಟೆ ತುಂಬಲ್ಲ. ಅದಕ್ಕೂ ನೀರು, ನೆರಳು ಬೇಕು. ಬದುವಿನ ಮೇಲೆ ನಾಲ್ಕು ಅಗಸೆ ಮರ, ನಾಲ್ಕು ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಇದ್ದರೆ ಬೇಸಿಗೆಯಲ್ಲೂ ಸೊಪ್ಪು ಸಿಗುತ್ತೆ. ಮುಂಗಾರಿಗೆ ಗಿಡ ಹಾಕಿ.

ಹಿರಿಯೂರಿನ ರೈತ (ಮರುದಿನ): ತೂಗಿದೆ ಸರ್. 9 ಅಲ್ಲ, 7 ಕೆ.ಜಿ.ಯೇ ಬಂತು ಕಟ್ಟಿಗೆ.

ಉತ್ತರ: ಹಾಗಾದರೆ ಇರುವುದು 2,800. ಏಪ್ರಿಲ್ ಹತ್ತರ ಹೊತ್ತಿಗೇ ಮುಗಿಯುತ್ತೆ. ಎರಡಲ್ಲ, ಮೂರು ಟನ್ನಿಗೆ ಹೇಳಿ. ಲಾರಿ ಬಂದ ದಿನ ಪೆಂಡಿಯ ಒಳಗೆ ಕೈ ಹಾಕಿ ನೋಡಿ. ಬೆಚ್ಚಗಿದ್ದರೆ, ಬೂಸ್ಟು ಹಿಡಿದಿದ್ದರೆ ಇಳಿಸಿಕೊಳ್ಳಬೇಡಿ.