ಚರ್ಚ್ ಸಭೆಯವರಿಗೇ ಬಡ್ಡಿಗೆ ಕೊಡುವ ಬ್ರದರ್‌ಗೆ ತಪ್ಪು ಅಂತ ಹೇಗೆ ಹೇಳೋದು? ನಿಮ್ಮ ಅನುಭವ ತಿಳಿಸಿ

ಹುಬ್ಬಳ್ಳಿ ಕ್ವಾಯರ್: ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆ. ನನ್ನ ಪಕ್ಕದಲ್ಲೇ ನಿಂತು ಹಾಡುವ ಬ್ರದರ್ ಒಬ್ಬರು ಸಭೆಯ ಬಡವರಿಗೆ ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿಗೆ ದುಡ್ಡು ಕೊಡುತ್ತಾರೆ. ಸಾಲ ತೀರಿಸಲಾಗದ ಇಬ್ಬರು ವಿಧವೆಯರು ಆರಾಧನೆಗೆ ಬರುವುದನ್ನೇ ಬಿಟ್ಟಿದ್ದಾರೆ. ಬ್ರದರ್ ನನಗಿಂತ ದೊಡ್ಡವರು, ನಮ್ಮ ಮನೆಗೆ ತುಂಬಾ ಬೇಕಾದವರು. ಬೇಕಾದವರಿಗೇ ಹೀಗೆ ಬುದ್ಧಿ ಹೇಳಿದವರು ಇದ್ದರೆ ಹೇಳಿ.

ಬೆಟಗೇರಿ ಅಕ್ಕ: ನಾನು ಹೇಳಿದ್ದು ನನ್ನ ಸ್ವಂತ ಭಾವನಿಗೆ, ವರದಕ್ಷಿಣೆ ವಿಷಯದಲ್ಲಿ. ಮಗನಿಗೆ 4 ಲಕ್ಷ, ಒಂದು ಬೈಕು, ಎರಡು ತೊಲ ಬಂಗಾರ ಕೇಳಿದ್ದರು. ಬೈಬಲಿನ ಮತ್ತಾಯ 18ರಲ್ಲಿ ಇರುವ ಹಾಗೆ ಮೊದಲು ಒಬ್ಬಳೇ ಹೋದೆ. ಕೇಳಲಿಲ್ಲ. ಆಮೇಲೆ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋದೆ. ಅವರಿಗೆ ಚಹಾ ಕೊಟ್ಟು ಕಳಿಸಿದರು, ನನಗೆ ಅದೂ ಇಲ್ಲ. ಮಗಳ ನರ್ಸಿಂಗ್ ಫೀಸಿಗೆ ಕೊಟ್ಟಿದ್ದ 60,000 ರೂಪಾಯಿ ತಕ್ಷಣ ವಾಪಸ್ ಕೇಳಿದರು. ಎರಡು ಬಳೆ ಅಡ ಇಟ್ಟರೆ 52,000 ಸಿಕ್ಕಿತು. ಉಳಿದ 8,000 ತವರಿನಿಂದ ತಂದೆ. ಮದುವೆ ಆಯ್ತು, ವರದಕ್ಷಿಣೆಯೂ ಹೋಯ್ತು. ಆದರೆ ಅವರ ಎರಡನೇ ಮಗ ಒಂದು ರೂಪಾಯಿ ಮುಟ್ಟದೆ ಮದುವೆಯಾದ. ಹೇಳಿದ್ದಕ್ಕೆ ನನಗೆ ಹೆಮ್ಮೆ ಇದೆ.

ಜೆಪ್ಪು ಹಿರಿಯ: ಅಕ್ಕ, ಗುಟ್ಟಾಗಿ ಹೋಗಿ ಹೇಳಿದರೆ ಇದೇ ಆಗೋದು. ನಮ್ಮ ಹಿರಿಯರು ವಿದೇಶಿ ಮಿಷನರಿಗಳ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಆ ಕಾಲದಲ್ಲಿ ತಪ್ಪಿದವರನ್ನು ಕರ್ತನ ಭೋಜನದಿಂದ, ಅಂದರೆ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದರಿಂದ, ದೂರ ಇಡುತ್ತಿದ್ದರು. ನಮ್ಮ ಸಭೆಯ ಹಾಲ್ ಕಟ್ಟುವಾಗ 340 ಮೂಟೆ ಸಿಮೆಂಟಿಗೆ ಬಿಲ್ಲು ಬಂತು, ಇಳಿದದ್ದು 290. ಮೂಟೆಗೆ 380ರಂತೆ 19,000 ರೂಪಾಯಿ. ಜಲ್ಲಿಯಲ್ಲೂ ಒಂದೂವರೆ ಲೋಡ್ ಕಡಿಮೆ. ಕಮಿಟಿಯಲ್ಲಿ ಎಲ್ಲರ ಮುಂದೆ ಎದ್ದು ಕೇಳಿದೆ. ಸಿಮೆಂಟ್ ದುಡ್ಡು ವಾಪಸ್ ಬಂತು. ಜಲ್ಲಿ ದುಡ್ಡು ಇವತ್ತಿಗೂ ಬಂದಿಲ್ಲ. ಮುಂದಿನ ಕಮಿಟಿ ಚುನಾವಣೆಯಲ್ಲಿ ನನ್ನನ್ನು ಸೋಲಿಸಿದರು. ಅಪೊಸ್ತಲ ಪೌಲ ಅಂತಿಯೋಕ್ಯದಲ್ಲಿ ಪೇತ್ರನ ತಪ್ಪನ್ನು ಎಲ್ಲರ ಎದುರೇ ಹೇಳಲಿಲ್ಲವಾ?

ಬೆಟಗೇರಿ ಅಕ್ಕ: ಆ ಮಾತು ಇರುವ ಗಲಾತ್ಯ 2 ಓದಿದವರು 6ನೇ ಅಧ್ಯಾಯವನ್ನೂ ಓದಬೇಕು. ತಪ್ಪಿದವನನ್ನು ಸೌಮ್ಯವಾಗಿ ಸರಿಮಾಡಿ ಅಂತ ಬರೆದವನೂ ಅದೇ ಪೌಲ. ಸಿಮೆಂಟ್ ತಿಂದ ಆ ಮನುಷ್ಯ ಈಗ ಆರಾಧನೆಗೆ ಬರ್ತಾರಾ, ಅದು ಹೇಳಿ.

ಜೆಪ್ಪು ಹಿರಿಯ: ಬೇರೆ ಸಭೆಗೆ ಹೋಗುತ್ತಾರೆ. ಅದು ಅವರಿಷ್ಟ. ಕಳ್ಳ ಲೆಕ್ಕ ಬರೆದವರಿಗೆ ನಾನು ಸೌಮ್ಯವಾಗಿ ಹೇಳಬೇಕಿತ್ತಾ?

ಬೆಂಗಳೂರು ವಕೀಲ: ನಮ್ಮ ರಾಜ್ಯದಲ್ಲಿ ಮಿತಿಮೀರಿದ ಬಡ್ಡಿಯ ವಿರುದ್ಧ 2004ರ ಕಾಯ್ದೆ ಇದೆ. ದೂರು ಕೊಡಿಸಿ. ಬೈಬಲ್ ವಚನ ಆಮೇಲೆ ನೋಡೋಣ.

ಬೆಟಗೇರಿ ಅಕ್ಕ: ಸಹೋದರನ ಮೇಲೆ ಸಹೋದರ ಕೋರ್ಟಿಗೆ ಹೋಗಬಾರದು ಅಂತ 1 ಕೊರಿಂಥ 6ರಲ್ಲಿ ಇದೆ. ವಚನವನ್ನು ಆಮೇಲೆ ನೋಡುವವರು ಇಲ್ಲಿ ಯಾಕೆ ಬರೀತೀರಿ?

ಚಾಮರಾಜನಗರ ಸಿಸ್ಟರ್: ಎಲ್ಲರೂ ಬುದ್ಧಿ ಹೇಳಿದವರ ಕಥೆಯನ್ನೇ ಹೇಳ್ತಿದ್ದೀರಿ. ನಾನು ಸಾಲ ತಗೊಂಡವಳು. ಮಗನ ಅಪೆಂಡಿಕ್ಸ್ ಆಪರೇಷನ್‌ಗೆ ಸಭೆಯವರೊಬ್ಬರಿಂದ 40,000. ತಿಂಗಳಿಗೆ 2,000 ಬಡ್ಡಿ. ಒಂದೂವರೆ ವರ್ಷಕ್ಕೆ 36,000 ಕಟ್ಟಿದೆ, ಅಸಲು ಹಾಗೇ ಇತ್ತು. ಹೊಲಿಗೆ ಮಷೀನು 3,200ಕ್ಕೆ ಹೋಯ್ತು. ಪ್ರಾರ್ಥನೆ ಮಾಡ್ತೀವಿ ಅಂದವರು ಬಹಳ ಜನ. ಕೊನೆಗೆ ಸ್ತ್ರೀಯರ ಕೂಟದವರು ತಲೆಗೆ 500, 1,000 ಅಂತ ಸೇರಿಸಿ ಅಸಲು ತೀರಿಸಿದರು. ಈಗ ಅವರಿಗೆ ಬಡ್ಡಿ ಇಲ್ಲದೆ ತಿಂಗಳಿಗೆ 1,000 ಕಟ್ತಿದ್ದೀನಿ. ಸಾಲ ಕೊಟ್ಟ ಬ್ರದರ್ ಕೈಗೆ ದುಡ್ಡು ಕೊಡುವಾಗ ಕೂಟದ ಅಕ್ಕ ವಿಮೋಚನಕಾಂಡ 22 ಓದಿದರು. ಬಡವರಿಂದ ಬಡ್ಡಿ ತಗೋಬೇಡ ಅನ್ನುವ ಮಾತು. ಆ ಬ್ರದರ್ ಏನೂ ಮಾತಾಡಲಿಲ್ಲ. ಬಡ್ಡಿ ವಾಪಸ್ ಕೊಡಲೂ ಇಲ್ಲ. ಅದೇ ವರ್ಷ ಸಭೆಗೆ ದುಡ್ಡು ಕೂಡಿಸುವ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಯನ್ನು 9,500ಕ್ಕೆ ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದರಲ್ಲಿ ನನ್ನ ದುಡ್ಡೂ ಇತ್ತು ಅಲ್ವಾ?

ಮೈಸೂರು ಖಜಾಂಚಿ: ಸಿಸ್ಟರ್, ನಿಮ್ಮ ಕಷ್ಟ ನಿಜ. ಆದರೆ ಹರಾಜಿನ ಸುದ್ದಿ ಯಾಕೆ? ನಮ್ಮ ಸಭೆಯ ಚಾವಣಿಗೆ 2.8 ಲಕ್ಷ ಬಂದದ್ದು ಹಾಗೆ ಕೂಗಿದವರಿಂದಲೇ. ಕಾಣಿಕೆ ಕೊಡುವವರ ಜೇಬು ಹುಡುಕೋಕೆ ಆಗುತ್ತಾ?

ಚಾಮರಾಜನಗರ ಸಿಸ್ಟರ್: ಬೈಬಲಿನಲ್ಲಿ ತೆರಿಗೆ ವಸೂಲಿ ಮಾಡುತ್ತಿದ್ದ ಜಕ್ಕಾಯನು ಅನ್ಯಾಯವಾಗಿ ತಗೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ, ಕುಂಬಳಕಾಯಿ ಕೂಗಲಿಲ್ಲ. ಹುಬ್ಬಳ್ಳಿ ಬ್ರದರ್, ಆ ಇಬ್ಬರು ಅಮ್ಮಂದಿರ ಅಸಲು ಎಷ್ಟು ಉಳಿದಿದೆ ಅಂತ ಮೊದಲು ಅವರ ಮನೆಗೆ ಹೋಗಿ ಕೇಳಿ.

ಮೈಸೂರು ಖಜಾಂಚಿ: ಹರಾಜು ಬೇಡ ಅನ್ನುವವರು ಚಾವಣಿ ಸೋರುವಾಗ ಎಲ್ಲಿದ್ದರು?