ಸಹಾಯ ಬೇಕು: ಮಂಡಿನೋವಿನ ಅಮ್ಮನ ಜೊತೆ ಸೇಂಟ್ ಮೇರಿಸ್ ದ್ವೀಪ

ನಮಸ್ಕಾರ. ನಾವು ಮಡಿಕೇರಿ ಹತ್ತಿರದವರು. ಅರೇಬಿಕಾ ಕಾಫಿ ಕೊಯ್ಲು ಮುಗಿದ ಮೇಲೆ ಸಂಪಾಜೆ ಘಾಟಿ ಇಳಿದು ಉಡುಪಿ ಹತ್ತಿರದ ಮಲ್ಪೆಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪ ನೋಡುವ ಆಸೆ. ಅಮ್ಮನಿಗೆ 72 ವರ್ಷ. ಸಮುದ್ರ ನೋಡಿದ್ದು ಒಂದೇ ಸಲ, ಅದೂ ಬಸ್ಸಿನ ಕಿಟಕಿಯಿಂದ!

1498ರಲ್ಲಿ ವಾಸ್ಕೋ ಡ ಗಾಮಾ ಆ ದ್ವೀಪಕ್ಕೆ ಬಂದಿದ್ದ ಅಂತ ಹೇಳುತ್ತಾರೆ. ನನಗೆ ಆ ಕಥೆಗಿಂತ ಅಲ್ಲಿನ ಕಲ್ಲುಗಳ ಮೇಲೇ ಕಣ್ಣು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷದ ಹಿಂದೆ, ಲಾವಾ ತಣಿದು ಕಂಬ ಕಂಬವಾಗಿ ನಿಂತದ್ದು ಅವು.

ಈಚೆಗೆ ಹೋಗಿಬಂದವರು ದಯವಿಟ್ಟು ಹೇಳಿ. ದೋಣಿ ಹತ್ತಿ ಇಳಿಯುವಾಗ ನೀರಿಗೆ ಕಾಲಿಡಬೇಕಾ? ಆಸರೆಗೆ ಯಾರಾದರೂ ಇರುತ್ತಾರಾ? ಅಲ್ಲಿ ನೆರಳು, ಶೌಚಾಲಯ ಇದೆಯಾ? ಭಾನುವಾರ ರಶ್ ಜಾಸ್ತಿ ಅಲ್ವಾ?

ಕಷ್ಟ ಅನ್ನಿಸಿದರೆ ನೇರವಾಗಿ ಹೇಳಿಬಿಡಿ. ಅಮ್ಮನನ್ನು ಮಲ್ಪೆ ಮರಳಲ್ಲೇ ಕೂರಿಸುತ್ತೇನೆ.